ಭೇದಿಯಾದರೂ ಕೀಮೋ ಮಾತ್ರೆ ನುಂಗುತ್ತಲೇ ಇರಬೇಕೆ?

ಪ್ರಶ್ನೆ: ನಾವು ನಾಪೋಕ್ಲು ಕಡೆಯವರು. ನನ್ನ ಮಾವನವರಿಗೆ 64 ವರ್ಷ, ನಿವೃತ್ತ ಸೈನಿಕರು. ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ದೊಡ್ಡಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಈಗ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ ಮನೆಯಲ್ಲಿ ಕ್ಯಾಪೆಸಿಟಾಬಿನ್ 500ರ ಮಾತ್ರೆ ಬೆಳಿಗ್ಗೆ ಮೂರು, ರಾತ್ರಿ ಮೂರು, 14 ದಿನ. ಹೀಗೆ ಮೂರು ವಾರಕ್ಕೊಂದರಂತೆ ಮೂರು ಸೈಕಲ್ ಮುಗಿದಿವೆ, ನಾಲ್ಕನೆಯದು ಮುಂದಿನ ವಾರ. ಕಳೆದ ಸಲ ದಿನಕ್ಕೆ ಏಳೆಂಟು ಸಲ ಭೇದಿಯಾಗಿ ಮೂರು ದಿನ ಮಲಗಿಬಿಟ್ಟರು. ಆದರೂ 'ಕೋರ್ಸ್ ತಪ್ಪಿಸಿದರೆ ಕಾಯಿಲೆ ವಾಪಸ್ ಬರುತ್ತದೆ' ಎಂದು ಒಂದು ಮಾತ್ರೆಯನ್ನೂ ಬಿಡಲಿಲ್ಲ, ಡಾಕ್ಟರಿಗೂ ಹೇಳಿಲ್ಲ. ಈಗ ಅಂಗೈ, ಅಂಗಾಲು ಕಪ್ಪುಗೆಂಪಾಗಿ ಉರಿಯುತ್ತವೆ, ಸಿಪ್ಪೆ ಏಳುತ್ತಿದೆ. ತೋಟಕ್ಕೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ನಾನು ಐದು ತಿಂಗಳ ಗರ್ಭಿಣಿ. ಮಾತ್ರೆ ಬಿಡಿಸಿ ಕೊಡುವವಳು ನಾನೇ, ಇದರಿಂದ ಮಗುವಿಗೆ ತೊಂದರೆಯೇ? ಆಟಿ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ, ಅವರಿಗೆ ಮದ್ದುಸೊಪ್ಪಿನ ಪಾಯಸ ಕೊಡಬಹುದೇ? ಇನ್ನೊಂದು: ರೇಷನ್ ಅಂಗಡಿಯಲ್ಲಿ ಅವರ ಬೆರಳಚ್ಚು ಬರುತ್ತಿಲ್ಲ. ಇದೂ ಮಾತ್ರೆಯಿಂದಲೇ?

ಉತ್ತರ: ಮೊದಲು ನಾಳೆಯೇ ಆಗಬೇಕಾದ ಕೆಲಸ. ಮೈಸೂರಿನ ಆಸ್ಪತ್ರೆಗೆ ಫೋನ್ ಮಾಡಿ. ಕಳೆದ ಸೈಕಲ್‌ನ ಎಷ್ಟನೇ ದಿನ ಭೇದಿ ಶುರುವಾಯಿತು, ದಿನಕ್ಕೆ ಎಷ್ಟು ಸಲ ಹೋದರು, ರಾತ್ರಿ ನಿದ್ದೆಯಿಂದೆದ್ದು ಹೋಗಬೇಕಾಯಿತೇ, ಆಗಲೂ ಮಾತ್ರೆ ನುಂಗಿದರೇ ಎಂಬುದನ್ನೆಲ್ಲ ಹೇಳಿ. ನಾಲ್ಕನೇ ಸೈಕಲ್‌ನ ಡೋಸ್ ನಿರ್ಧಾರವಾಗಬೇಕಾದದ್ದು ಇದರ ಮೇಲೆ. ಮಾವನವರು ಒಪಿಡಿಯಲ್ಲಿ ಕುಳಿತು 'ಏನೂ ತೊಂದರೆಯಿಲ್ಲ ಡಾಕ್ಟ್ರೇ' ಎಂದುಬಿಟ್ಟರೆ, ರಕ್ತದ ವರದಿಯೂ ಸರಿಯಿದ್ದರೆ, ಅದೇ ಆರು ಮಾತ್ರೆಯನ್ನು ಮತ್ತೆ ಬರೆದು ಕಳಿಸುತ್ತಾರೆ. ಎರಡು ವಾರದ ಹಿಂದಿನ ಭೇದಿ ಇವತ್ತಿನ ರಕ್ತಪರೀಕ್ಷೆಯಲ್ಲಿ ಕಾಣುವುದಿಲ್ಲ. ಸೈನ್ಯದಲ್ಲಿದ್ದು ಬಂದವರು ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಕೊಡಗಿನಿಂದ ಬರುವ ಇಂಥ ಹಿರಿಯರು ನಮಗೆ ಹೊಸಬರಲ್ಲ. ಈ ಸಲ ಡಾಕ್ಟರ ಕೋಣೆಯೊಳಗೆ ಅವರ ಜೊತೆ ಮನೆಯವರೊಬ್ಬರು ಹೋಗಲೇಬೇಕು.

'ಕೋರ್ಸ್ ತಪ್ಪಿಸಬಾರದು' ಎಂಬ ಮಾತನ್ನು ನಿಮ್ಮ ಮಾವ ಸುಮ್ಮನೆ ಹುಟ್ಟಿಸಿಕೊಂಡದ್ದಲ್ಲ. ನಾವು ವೈದ್ಯರೇ ಊರೂರಿಗೆ ಕಲಿಸಿದ ಪಾಠ ಅದು. ಕ್ಷಯದ ಮಾತ್ರೆಗೆ, ಆಂಟಿಬಯೋಟಿಕ್‌ಗೆ ಅದು ಸರಿ: ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗಬಹುದು. ಕ್ಯಾಪೆಸಿಟಾಬಿನ್‌ನ ಲೆಕ್ಕ ಬೇರೆ. ದೇಹ ತಡೆಯುವ ಮಿತಿಯನ್ನು ಮುಟ್ಟುವಷ್ಟು ಡೋಸ್‌ನಲ್ಲೇ ಇದನ್ನು ಶುರುಮಾಡುತ್ತೇವೆ. ಮಿತಿ ದಾಟಿದ ಗುರುತು ಕಂಡ ದಿನ ನಿಲ್ಲಿಸಿ, ದೇಹ ಸುಧಾರಿಸಿಕೊಂಡ ಮೇಲೆ ಕೆಲವೊಮ್ಮೆ ಅದೇ ಡೋಸ್‌ನಲ್ಲಿ, ಕೆಲವೊಮ್ಮೆ ಮುಕ್ಕಾಲು ಡೋಸ್‌ನಲ್ಲಿ ಮತ್ತೆ ಕೊಡುತ್ತೇವೆ. ಔಷಧದ ಜೊತೆ ಬರುವ ಅಧಿಕೃತ ಮಾಹಿತಿಯಲ್ಲೇ ಈ ಕ್ರಮ ಬರೆದಿದೆ. ಹೀಗೆ ನಡುವೆ ನಿಂತ ಮಾತ್ರೆಗಳನ್ನು ಆಮೇಲೆ ಸೇರಿಸಿ ನುಂಗಿ ಲೆಕ್ಕ ತುಂಬಿಸುವ ಹಾಗೂ ಇಲ್ಲ. ಹದಿನಾಲ್ಕು ದಿನಕ್ಕೆ 84 ಮಾತ್ರೆ ಕೊಟ್ಟಿದ್ದಾರೆಂದರೆ 84ನ್ನೂ ಮುಗಿಸಲೇಬೇಕು ಎಂದು ಅರ್ಥವಲ್ಲ.

ಡೋಸ್ ಇಳಿಸಿದರೆ ಪರಿಣಾಮವೂ ಇಳಿಯುವುದಿಲ್ಲವೇ ಎಂದು ಅವರು ಕೇಳುತ್ತಾರೆ, ಕೇಳಲಿ. ಆಪರೇಷನ್ ಆದ ಕರುಳಿನ ಕ್ಯಾನ್ಸರ್‌ಗೆ ಮೊದಲು ಎಲ್ಲರಿಗೂ ಆರು ತಿಂಗಳ ಕೀಮೋ ಕೊಡುತ್ತಿದ್ದರು. ಅದರಲ್ಲಿ ಮೂರು ತಿಂಗಳು ಸಾಕೇ ಎಂದು 12,800ಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿದ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಹತ್ತಿರದ ದುಗ್ಧಗ್ರಂಥಿಗಳಿಗೆ ಹರಡಿದ ಮೂರನೇ ಹಂತದಲ್ಲೇ ಅಪಾಯ ಕಡಿಮೆಯಿರುವ ಗುಂಪಿಗೆ, ನಿಮ್ಮ ಮಾವನವರಿಗೆ ಕೊಡುತ್ತಿರುವ ಇದೇ ಜೋಡಿ ಔಷಧ ಮೂರು ತಿಂಗಳು, ಅಂದರೆ ನಾಲ್ಕು ಸೈಕಲ್, ಸಾಕಾಗುತ್ತದೆ ಎಂದು ಅದರಿಂದ ತಿಳಿಯಿತು. ಅವರದು ಯಾವ ಗುಂಪು ಎಂಬುದು ಆಪರೇಷನ್ ನಂತರದ ಬಯಾಪ್ಸಿ ವರದಿಯಲ್ಲಿದೆ. ನಾಲ್ಕೋ ಎಂಟೋ ಎಂದು ಈ ಭೇಟಿಯಲ್ಲೇ ಕೇಳಿ. ಹೆಚ್ಚು ಔಷಧ ಅಂದರೆ ಹೆಚ್ಚು ಗುಣ ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಈ ಮಾತ್ರೆ ಏನು ಮಾಡುತ್ತದೆ ಎಂದು ಗೊತ್ತಿದ್ದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. 1957ರಿಂದ ಬಳಕೆಯ ಹಾದಿಗೆ ಬಂದ 5-ಫ್ಲೂರೋಯುರಾಸಿಲ್ ಎಂಬ ಚುಚ್ಚುಮದ್ದು ಇದೆ, ಆಸ್ಪತ್ರೆಯಲ್ಲಿ '5-ಎಫ್‌ಯು' ಎನ್ನುತ್ತಾರೆ. ಕ್ಯಾಪೆಸಿಟಾಬಿನ್ ಅದನ್ನೇ ದೇಹದೊಳಗೆ ತಯಾರಿಸುವ ಮಾತ್ರೆ. 1998ರಲ್ಲಿ ಅಮೆರಿಕದಲ್ಲಿ ಜೆಲೋಡಾ ಹೆಸರಿನಲ್ಲಿ ಮೊದಲು ಅನುಮತಿ ಪಡೆಯಿತು. ಈಗ ಭಾರತದಲ್ಲಿ ಹಲವು ಕಂಪನಿಗಳು ತಯಾರಿಸುತ್ತವೆ, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ನುಂಗಿದ ಮಾತ್ರೆ ಯಕೃತ್ತಿನಲ್ಲಿ ಎರಡು ಹಂತ ಬದಲಾಗಿ, ಕೊನೆಯ ಹಂತದಲ್ಲಿ ಗಡ್ಡೆಯ ಜೀವಕೋಶಗಳಲ್ಲಿ ಹೆಚ್ಚಾಗಿರುವ ಒಂದು ಕಿಣ್ವದಿಂದ 5-ಎಫ್‌ಯು ಆಗುತ್ತದೆ. ಬೇಗಬೇಗ ಒಡೆದು ಹೆಚ್ಚುವ ಜೀವಕೋಶಗಳನ್ನು ಅದು ತಡೆಯುತ್ತದೆ. ಕ್ಯಾನ್ಸರ್ ಕೋಶ ಅಂಥದು. ಕರುಳಿನ ಒಳಪದರ, ಬಾಯಿಯ ತೆಳುಚರ್ಮ, ಎಲುಬಿನ ಮಜ್ಜೆ ಕೂಡ ಅಂಥವೇ. ಹಾಗಾಗಿ ಭೇದಿ, ಬಾಯಿಹುಣ್ಣು, ರಕ್ತಕಣ ಇಳಿಯುವುದು. 'ಸೂಜಿಯಲ್ಲ, ಬರೀ ಮಾತ್ರೆ ತಾನೇ' ಎಂದು ನೆಂಟರು ಹೇಳುವುದನ್ನು ಕೇಳಿರುತ್ತೀರಿ. ಆಸ್ಪತ್ರೆಯಲ್ಲಿ ಹಾಕುವ ಕೀಮೋ ಆದರೆ ಪಕ್ಕದಲ್ಲಿ ನರ್ಸ್ ಇರುತ್ತಾರೆ, ಏನಾದರೂ ಆದರೆ ನಿಲ್ಲಿಸುತ್ತಾರೆ. ಇಲ್ಲಿ ಆ ಕೆಲಸ ಮನೆಯವರ ಪಾಲಿಗೆ ಬಂದಿದೆ, ಅಷ್ಟೇ ವ್ಯತ್ಯಾಸ.

ಈಗ ಭೇದಿಯ ವಿಷಯ, ಸ್ವಲ್ಪ ವಿವರವಾಗಿ. ಈ ಔಷಧದ ಉಳಿಕೆ ಬಹುತೇಕ ಮೂತ್ರದಲ್ಲೇ ಹೊರಹೋಗಬೇಕು. ಭೇದಿಯಿಂದ ನೀರಿನಂಶ ಇಳಿದರೆ ಮೂತ್ರಪಿಂಡ ಸೊರಗುತ್ತದೆ, ಔಷಧ ರಕ್ತದಲ್ಲಿ ಉಳಿದುಕೊಳ್ಳುತ್ತದೆ, ಉಳಿದದ್ದು ಕರುಳನ್ನು ಇನ್ನಷ್ಟು ಕೆಡಿಸುತ್ತದೆ, ಭೇದಿ ಹೆಚ್ಚುತ್ತದೆ. ಅದರ ಮೇಲೆ ಹೊತ್ತಿಗೆ ಸರಿಯಾಗಿ ಇನ್ನೂ ಮೂರು ಮಾತ್ರೆ ನುಂಗಿದರೆ? ಈ ಮಾತ್ರೆಯಿಂದ ಐಸಿಯು ಸೇರುವವರಲ್ಲಿ ಅನೇಕರ ಕಥೆ ಹೀಗೇ ಇರುತ್ತದೆ: ಮೂರನೇ ದಿನಕ್ಕೆ ನಿಲ್ಲಿಸಿದ್ದರೆ ಮನೆಯಲ್ಲೇ ಸುಧಾರಿಸುತ್ತಿತ್ತು. ನಿಮ್ಮ ಮಾವ ಪಾರಾಗಿದ್ದಾರೆ. ನಾಲ್ಕನೇ ಸಲ ಅದನ್ನೇ ನೆಚ್ಚಿಕೊಳ್ಳಬೇಡಿ.

ಅಳತೆ ಹೀಗಿಟ್ಟುಕೊಳ್ಳಿ. ಮಾಮೂಲಿಗಿಂತ ಒಂದೆರಡು ಸಲ ಹೆಚ್ಚಾದರೆ ನೀರು, ಒಆರ್‌ಎಸ್, ಗಂಜಿ ಕೊಟ್ಟು ಕಣ್ಣಿಟ್ಟಿರಿ. ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ, ಅಥವಾ ರಾತ್ರಿ ಭೇದಿಗಾಗಿಯೇ ಎದ್ದು ಹೋಗುವಂತಾದರೆ, ಮುಂದಿನ ಹೊತ್ತಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಭೇದಿ ತಡೆಯುವ ಲೋಪರಮೈಡ್ ಬರೆದುಕೊಟ್ಟಿದ್ದರೆ ಸಾಮಾನ್ಯವಾಗಿ ಮೊದಲು 4 ಮಿಲಿಗ್ರಾಂ, ಆಮೇಲೆ ಪ್ರತಿ ಭೇದಿಗೂ 2 ಮಿಲಿಗ್ರಾಂ. ಆದರೆ ಜ್ವರವಿದ್ದರೆ, ಮಲದಲ್ಲಿ ರಕ್ತವಿದ್ದರೆ ಮನೆಯಲ್ಲಿ ಅದನ್ನು ಕೊಡಬೇಡಿ, ಸೀದಾ ಆಸ್ಪತ್ರೆ. ಬಾಯಿ ಒಣಗುವುದು, ಎದ್ದು ನಿಂತರೆ ತಲೆ ಸುತ್ತುವುದು, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುವುದು, ಕುಡಿದ ನೀರೂ ವಾಂತಿಯಾಗುವುದು, ಇಷ್ಟರಲ್ಲಿ ಯಾವುದು ಕಂಡರೂ ರಕ್ತನಾಳಕ್ಕೆ ಡ್ರಿಪ್ ಬೇಕು. ಅದಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಮೈಸೂರಿನವರೆಗೆ ಓಡಬೇಕಿಲ್ಲ. ಮಡಿಕೇರಿಯ ಬೋಧಕ ಆಸ್ಪತ್ರೆಯಲ್ಲಿ ಆಗುತ್ತದೆ. ಹೋದ ತಕ್ಷಣ 'ಕೀಮೋ ಮಾತ್ರೆ ತಗೊಳ್ಳುತ್ತಿದ್ದಾರೆ' ಎಂದು ಮೊದಲ ವಾಕ್ಯದಲ್ಲೇ ಹೇಳಿ, ಸ್ಟ್ರಿಪ್ ತೋರಿಸಿ. ಇಲ್ಲದಿದ್ದರೆ ಹೊಟ್ಟೆ ಕೆಟ್ಟ ಮಾಮೂಲಿ ಕೇಸ್ ಎಂದುಕೊಂಡಾರು. ಬಿಪಿ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಅದನ್ನೂ ಹೇಳಿ. ನೀರಿನಂಶ ಇಳಿದ ದೇಹಕ್ಕೆ ಅವುಗಳಲ್ಲಿ ಕೆಲವು ಒಗ್ಗುವುದಿಲ್ಲ.

ಜುಲೈ ತಿಂಗಳಲ್ಲಿ ನಿಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಹೋಗುವುದು ನನಗೆ ಗೊತ್ತಿದೆ. ಗುಡ್ಡದ ಬರೆ ಜರಿದು ರಸ್ತೆ ಮುಚ್ಚಿದರಂತೂ ಮುಗಿಯಿತು. ಆದ್ದರಿಂದ 'ಫೋನ್ ಮಾಡಿ ಕೇಳಿ' ಎಂಬ ಸಲಹೆ ಕೊಡಗಿನ ಮಳೆಗಾಲಕ್ಕೆ ಸಾಲದು. ಈ ಭೇಟಿಯಲ್ಲೇ ವೈದ್ಯರಿಂದ ಒಂದು ಚೀಟಿ ಬರೆಸಿಕೊಳ್ಳಿ: ಎಷ್ಟು ಸಲ ಭೇದಿಯಾದರೆ ನಮ್ಮಷ್ಟಕ್ಕೆ ನಾವೇ ಮಾತ್ರೆ ನಿಲ್ಲಿಸಬೇಕು, ಯಾವ ಲಕ್ಷಣಕ್ಕೆ ಕಾಯದೆ ಮಡಿಕೇರಿಗೆ ಹೊರಡಬೇಕು, ಅಲ್ಲಿನವರು ಯಾರನ್ನು ಸಂಪರ್ಕಿಸಬೇಕು. ಅದನ್ನು ಕ್ಯಾಲೆಂಡರ್ ಪಕ್ಕದಲ್ಲಿ ತೂಗುಹಾಕಿ, ಕ್ಯಾಲೆಂಡರಿನಲ್ಲಿ ದಿನದಿನದ ಭೇದಿಯ ಲೆಕ್ಕ, ನುಂಗಿದ ಮಾತ್ರೆಯ ಲೆಕ್ಕ ಬರೆಯುತ್ತಾ ಹೋಗಿ. ಒಆರ್‌ಎಸ್ ಪೊಟ್ಟಣ, ಥರ್ಮಾಮೀಟರ್ ಮಳೆ ಬಿಗಿಯುವ ಮೊದಲೇ ಮನೆಯಲ್ಲಿರಲಿ. ಕುಡಿಯುವ ನೀರು ಬಾವಿಯದಾಗಲಿ ಒರತೆಯದಾಗಲಿ, ಕುದಿಸಿಯೇ ಕೊಡಿ. ಭೇದಿಯಿರುವಾಗ ಹಾಲು, ಹಸಿ ತರಕಾರಿ, ಒಳ್ಳೆಮೆಣಸಿನ ಖಾರದ ಪಂದಿ ಕರಿ ಬೇಡ. ಅಕ್ಕಿತರಿಯ ಉಂಡೆ ಕಡಂಬಿಟ್ಟು, ಮೆತ್ತಗಿನ ಅನ್ನ, ಉಪ್ಪು ಹಾಕಿದ ಗಂಜಿ ಆದೀತು. ಬಾಯಿಹುಣ್ಣು ಬಂದರೆ ಕಾಚಂಪುಳಿಯ ಹುಳಿಯೂ ಸುಡುತ್ತದೆ, ಸ್ವಲ್ಪ ದಿನ ದೂರವಿಡಿ. ಮದ್ಯದ ಮಾತು ನೀವು ಕೇಳಿಲ್ಲ, ಆದರೆ ಕೊಡಗಿನಲ್ಲಿ ಕೇಳದೇ ಹೇಳಬೇಕಾದದ್ದು: ಮಾತ್ರೆ ನುಂಗುವ ದಿನಗಳಲ್ಲಿ ಬೇಡ. ಬಾಯಿ, ಹೊಟ್ಟೆ, ಯಕೃತ್ತು ಮೂರಕ್ಕೂ ಆಗಲೇ ಸಾಕಷ್ಟು ಕೆಲಸವಿದೆ.

ಮಾತ್ರೆಯನ್ನು ಊಟವಾದ 30 ನಿಮಿಷದೊಳಗೆ, ನೀರಿನ ಜೊತೆ, ಸುಮಾರು 12 ಗಂಟೆಯ ಅಂತರದಲ್ಲಿ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಏರುತ್ತದೆ. ಡೋಸ್ ಗೊತ್ತುಮಾಡಿದ ಪರೀಕ್ಷೆಗಳೆಲ್ಲ ನಡೆದದ್ದು ಊಟದ ನಂತರದ ಲೆಕ್ಕದಲ್ಲಿ. ಒಂದು ಹೊತ್ತು ಮರೆತರೆ ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಮೂರರ ಬದಲು ಆರು ನುಂಗಿಸಬೇಡಿ. ನುಂಗಿದ ಮೇಲೆ ವಾಂತಿಯಾದರೂ ಹಾಗೆಯೇ, ಮತ್ತೆ ಕೊಡಬೇಡಿ. ಇನ್ನು ಒಂದೇ ಔಷಧಕ್ಕೆ ಬೇರೆ ಬೇರೆ ಕಂಪನಿಯ ಹೆಸರುಗಳಿವೆ. ಒಂದು ಸಲ ಮೈಸೂರಿನಲ್ಲಿ, ಇನ್ನೊಂದು ಸಲ ಊರಿನ ಮೆಡಿಕಲ್ ಶಾಪಿನಲ್ಲಿ ತಂದರೆ ಎರಡು ಹೆಸರಿನ ಸ್ಟ್ರಿಪ್ ಮನೆಯಲ್ಲಿ ಸೇರಿ, ಎರಡು ಬೇರೆ ಔಷಧವೆಂದು ಎರಡನ್ನೂ ನುಂಗುವ ಅಪಾಯವಿದೆ. ದೊಡ್ಡಕ್ಷರದ ಹೆಸರು ಬಿಡಿ, ಕೆಳಗಿನ ಸಣ್ಣಕ್ಷರ ಓದಿ. 150 ಮಿಲಿಗ್ರಾಂನ ಮಾತ್ರೆಯೂ ಇದೆ, ಅದನ್ನೂ ಗಮನಿಸಿ.

ಅಂಗೈ ಅಂಗಾಲಿನದು ಈ ಔಷಧದ ಗುರುತಿನ ಅಡ್ಡಪರಿಣಾಮ. ಪೂರ್ಣ ಡೋಸ್‌ನಲ್ಲಿ ಇದೊಂದನ್ನೇ ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಒಂದಲ್ಲ ಒಂದು ಮಟ್ಟದಲ್ಲಿ ಕಾಣುತ್ತದೆ. ಪುಸ್ತಕಗಳಲ್ಲಿ 'ಕೆಂಪಾಗುವುದು' ಎಂದು ಬರೆದಿರುವುದು ಬಿಳಿಚರ್ಮದವರನ್ನು ನೋಡಿ. ನಮ್ಮ ಚರ್ಮದಲ್ಲಿ ಅದು ಹೆಚ್ಚಾಗಿ ಕಪ್ಪಾಗಿ, ದಪ್ಪಗಾಗಿ, ಗೆರೆಗಳಲ್ಲಿ ಬಿರಿದು ಕಾಣುತ್ತದೆ. ಹಾಗಾಗಿ ತೋಟದ ಕೆಲಸದವರಲ್ಲಿ ಇದನ್ನು ಕೆಲಸದ ಕೈ ಎಂದೇ ತಿಳಿಯುತ್ತಾರೆ. ಬಣ್ಣ ಬಿಟ್ಟು ನೋವನ್ನು ಕೇಳಿ. ಜುಮುಗುಟ್ಟುವುದು, ಬಣ್ಣ ಬದಲಾಗುವುದು ಮಾತ್ರವಿದ್ದರೆ ಆರೈಕೆ ಮಾಡುತ್ತಾ ಮುಂದುವರಿಸಬಹುದು. ಅಂಗಿಯ ಗುಂಡಿ ಹಾಕಲು, ರೊಟ್ಟಿ ಮುರಿಯಲು, ಚಪ್ಪಲಿ ಮೆಟ್ಟಿ ನಡೆಯಲು ನೋವಾಗುತ್ತಿದೆ ಎಂದರೆ ಮಾತ್ರೆ ನಿಲ್ಲಿಸಿ ತಿಳಿಸುವ ಹಂತ. ಗುಳ್ಳೆ, ಒಸರುವ ಗಾಯ ಆಗುವವರೆಗೆ ಕಾಯಬಾರದು. ನೀವು ಬರೆದ ಉರಿ ಮತ್ತು ಸಿಪ್ಪೆ ನಡುವಿನ ಹಂತದ ಹಾಗೆ ಕೇಳಿಸುತ್ತದೆ. ಹೇಗೂ ಈಗ ಬಿಡುವಿನ ವಾರ, ಮಾತ್ರೆಯಿಲ್ಲ. ಮುಂದಿನ ಸೈಕಲ್ ಶುರುವಾಗುವ ಮೊದಲು ವೈದ್ಯರು ಕೈಕಾಲು ಕಣ್ಣಾರೆ ನೋಡಲೇಬೇಕು. ಸಾಕ್ಸ್ ಬಿಚ್ಚಿಸಿ ತೋರಿಸಿ.

ಉಜ್ಜುವಿಕೆ, ಒತ್ತಡ, ಬಿಸಿ ಈ ಮೂರೂ ಅದನ್ನು ಕೆರಳಿಸುತ್ತವೆ. ಕೊಡಗಿನ ದಿನಚರಿಯಲ್ಲಿ ಮೂರೂ ಧಾರಾಳ! ಕತ್ತಿ ಹಿಡಿದು ಕಾಡು ಸವರುವುದು, ಕಾಫಿಗಿಡದ ಚಿಗುರು ತೆಗೆಯುವುದು, ಮರ ಕಪಾತಿಗೆ ಏಣಿ ಹತ್ತುವುದು, ದಿನವಿಡೀ ಗಮ್‌ಬೂಟಿನೊಳಗೆ ಒದ್ದೆ ಕಾಲು, ಸಂಜೆ ಬಚ್ಚಲಿನಲ್ಲಿ ಹಂಡೆಯ ಸುಡುನೀರು. ಕೊನೆಯದು ನಿಲ್ಲಿಸುವುದೇ ಎಲ್ಲಕ್ಕಿಂತ ಕಷ್ಟ, ಮಳೆಗಾಲದಲ್ಲಿ ಅದೊಂದೇ ಸುಖ ಎನ್ನುತ್ತಾರೆ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಮುಗಿಸಲಿ, ಒರೆಸುವಾಗ ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿಕೊಳ್ಳಲಿ. ತೋಟವನ್ನು ಪೂರ್ತಿ ಬಿಡಿಸಲು ಹೋಗಿ ಜಗಳ ಮಾಡಿಕೊಳ್ಳಬೇಡಿ. ನಿಂತು ಕೆಲಸ ಮಾಡಿಸಲಿ, ಕತ್ತಿ ಮಾತ್ರ ಬೇರೆಯವರ ಕೈಗೆ ಹೋಗಲಿ. ಬೋರ್ಡೋ ದ್ರಾವಣ ಕಲಸುವುದು, ಸಿಂಪಡಿಸುವುದು ಖಂಡಿತ ಬೇಡ. ಮೈಲುತುತ್ತ, ಸುಣ್ಣ ಎರಡೂ ಬಿರಿದ ಚರ್ಮಕ್ಕೆ ಕೆಟ್ಟವು. ಜಿಗಣೆ ಕಚ್ಚಿದ ಜಾಗ ಮಾಮೂಲಿಗಿಂತ ಹೆಚ್ಚು ಹೊತ್ತು ರಕ್ತ ಸುರಿಸಿದರೆ ಪ್ಲೇಟ್‌ಲೆಟ್ ಇಳಿದಿರಬಹುದು, ಪರೀಕ್ಷೆ ಮಾಡಿಸಿ.

ಹಚ್ಚಲು 10 ಶೇಕಡಾ ಯೂರಿಯಾ ಇರುವ ಕ್ರೀಮ್ ಒಳ್ಳೆಯದು, ದಿನಕ್ಕೆರಡು ಮೂರು ಸಲ. ತೆಂಗಿನೆಣ್ಣೆಯೂ ಏನೂ ಇಲ್ಲದ್ದಕ್ಕಿಂತ ಮೇಲು. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ 1 ಶೇಕಡಾ ಜೆಲ್ ಬಗ್ಗೆ ದೆಹಲಿಯ ಏಮ್ಸ್‌ನವರು 264 ರೋಗಿಗಳಲ್ಲಿ ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಜೆಲ್ ಹಚ್ಚಿದವರಲ್ಲಿ ತೊಂದರೆ ಕೊಡುವ ಮಟ್ಟದ ಕೈಕಾಲು ಉರಿ 3.8 ಶೇಕಡಾ, ಬರೀ ಹುಸಿ ಜೆಲ್ ಹಚ್ಚಿದವರಲ್ಲಿ 15 ಶೇಕಡಾ. ಊರಿನ ಮೆಡಿಕಲ್ ಶಾಪಿನಲ್ಲೇ ಸಿಗುವ ಅಗ್ಗದ ಜೆಲ್‌ಗೆ ಇದು ದೊಡ್ಡ ಫಲ. ಆದರೆ ಅದು ಬರುವ ಮೊದಲು ತಡೆಯುವ ಉಪಾಯ, ಬಿರಿದು ಗಾಯವಾದ ಚರ್ಮಕ್ಕಲ್ಲ. ನಿಮ್ಮ ವೈದ್ಯರನ್ನು ಕೇಳಿ ಶುರುಮಾಡಿ. ಡೈಕ್ಲೋಫೆನಾಕ್ ಮಾತ್ರೆ ನುಂಗಿಸಬೇಡಿ, ಅದು ಮೂತ್ರಪಿಂಡಕ್ಕೆ ಇನ್ನೊಂದು ಹೊರೆ. ಕೈಕಾಲು ಉರಿಗೆಂದು ಬಿ6 ವಿಟಮಿನ್ ಬರೆದುಕೊಡುವ ಹಳೆಯ ರೂಢಿ ಇನ್ನೂ ಇದೆ, ಪರೀಕ್ಷೆಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ.

ಬಿಸಿ ಬೇಡ ಎಂದೆ. ಆದರೆ ಡ್ರಿಪ್‌ನಲ್ಲಿ ಹೋಗುವ ಆಕ್ಸಾಲಿಪ್ಲಾಟಿನ್‌ಗೆ ಚಳಿಯೇ ಶತ್ರು. ಡ್ರಿಪ್ ಆದ ಮೊದಲ ಕೆಲವು ದಿನ ತಣ್ಣಗಿನ ನಲ್ಲಿ, ಕಬ್ಬಿಣದ ಗೇಟು, ಸ್ಟೀಲ್ ಲೋಟ ಮುಟ್ಟಿದರೆ ಬೆರಳು ಕರೆಂಟ್ ಹೊಡೆದಂತೆ ಜುಮ್ಮೆನ್ನುತ್ತದೆ. ತಣ್ಣೀರು ಕುಡಿದರೆ, ಬೆಳಗಿನ ಚಳಿಗಾಳಿ ಎಳೆದುಕೊಂಡರೆ ಗಂಟಲು ಬಿಗಿದು ಉಸಿರು ಸಿಕ್ಕಿದಂತಾಗಬಹುದು. ಹೆಚ್ಚಿನಂಶ ಬೆಚ್ಚಗಿನ ನೀರು ಗುಟುಕರಿಸಿದರೆ ಇಳಿಯುತ್ತದೆ. ಕೈಗವಸು, ಕಿವಿ ಮೂಗು ಮುಚ್ಚುವ ಮಫ್ಲರ್, ಕುಡಿಯಲು ಬೆಚ್ಚಗಿನ ನೀರು ಆ ವಾರ ಬೇಕೇ ಬೇಕು. ಆ ಜುಮುಜುಮು ಮುಂದಿನ ಡ್ರಿಪ್‌ವರೆಗೂ ಹೋಗದೆ ಉಳಿದರೆ ಅದು ನರದ ವಿಷಯ. ಅದನ್ನು ಬೇರೆಯಾಗಿಯೇ ವೈದ್ಯರಿಗೆ ಹೇಳಿ, ಮಾತ್ರೆಯ ಉರಿಯ ಜೊತೆ ಸೇರಿಸಿಬಿಡಬೇಡಿ.

ಭೇದಿಯಷ್ಟೇ ಅವಸರದವು ಇನ್ನೆರಡು. ಒಂದು ಜ್ವರ. ಮಳೆಗಾಲದಲ್ಲಿ ಮನೆಗೊಬ್ಬರಿಗೆ ಶೀತಜ್ವರ ಇರುವುದರಿಂದ ಇದನ್ನೂ ಹಾಗೆಂದೇ ತಿಳಿದು ಪ್ಯಾರಾಸಿಟಮಾಲ್ ಕೊಡುತ್ತಾರೆ. ಥರ್ಮಾಮೀಟರ್‌ನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಕಂಡರೆ ಬೆಳಗಾಗಲೆಂದು ಕಾಯಬೇಡಿ, 108ಕ್ಕೆ ಕರೆ ಮಾಡಿಯಾದರೂ ಹೊರಡಿ. ಬಿಳಿ ರಕ್ತಕಣ ಇಳಿದಿದ್ದರೆ ಕೆಲವೇ ಗಂಟೆಗಳಲ್ಲಿ ಸೋಂಕು ಮೈಗೆಲ್ಲ ಏರುತ್ತದೆ. ಜ್ವರ ನೋಡುವ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟರೆ ಅದು ಮುಚ್ಚಿಹೋಗುತ್ತದೆ. ಇನ್ನೊಂದು ಎದೆನೋವು. ಈ ಔಷಧ ಕೆಲವರಲ್ಲಿ ಹೃದಯದ ರಕ್ತನಾಳವನ್ನು ಬಿಗಿಯುವಂತೆ ಮಾಡುತ್ತದೆ, ಹೃದಯದ ಕಾಯಿಲೆ ಮೊದಲು ಇಲ್ಲದವರಲ್ಲೂ. ತೋಟದ ಏರು ಹತ್ತುವಾಗ ಎದೆ ಹಿಡಿದಂತಾದರೆ ಗ್ಯಾಸ್ ಎಂದು ಸುಮ್ಮನಾಗದೆ ಮಾತ್ರೆ ನಿಲ್ಲಿಸಿ, ಇಸಿಜಿ ಮಾಡಿಸಿ. ವೈದ್ಯರು ಹೇಳುವ ತನಕ ಒಂದು ಮಾತ್ರೆಯನ್ನೂ ಮತ್ತೆ ಕೊಡಬೇಡಿ.

ಇದನ್ನು ಓದುವ, ಈಗಷ್ಟೇ ಮೊದಲ ಸೈಕಲ್ ಶುರುಮಾಡುವ ಬೇರೆ ಮನೆಯವರಿಗೆ ಒಂದು ಮಾತು. 5-ಎಫ್‌ಯುವಿನ 80 ಶೇಕಡಾಕ್ಕೂ ಹೆಚ್ಚನ್ನು ಒಡೆದು ಹಾಕುವುದು ಯಕೃತ್ತಿನ ಡಿಪಿಡಿ ಎಂಬ ಕಿಣ್ವ. ಹುಟ್ಟಿನಿಂದಲೇ ಅದು ಕಡಿಮೆಯಿರುವ ಕೆಲವರಿದ್ದಾರೆ. ಅವರಿಗೆ ಮಾಮೂಲಿ ಡೋಸ್ ಕೂಡ ವಿಷವಾಗುತ್ತದೆ, ಮೊದಲ ಸೈಕಲ್‌ನ ಆರಂಭದಲ್ಲೇ ಬಾಯಿ ತುಂಬ ಹುಣ್ಣು, ತಡೆಯಲಾಗದ ಭೇದಿ, ಜ್ವರ ಒಟ್ಟಿಗೆ ಬರುತ್ತವೆ. ಯುರೋಪಿನ ಔಷಧ ಸಂಸ್ಥೆ 2020ರಿಂದ ಮೊದಲೇ ಇದರ ಪರೀಕ್ಷೆ ಮಾಡಿಸಲು ಹೇಳುತ್ತಿದೆ. ನಮ್ಮಲ್ಲಿ ಎಲ್ಲ ಕಡೆ ಆ ರೂಢಿಯಿಲ್ಲ, ಕೇಳಿ ಮಾಡಿಸಿಕೊಳ್ಳಬಹುದು. ನಿಮ್ಮ ಮಾವನವರು ಮೂರು ಸೈಕಲ್ ತಡೆದುಕೊಂಡಿರುವುದರಿಂದ ಅವರಲ್ಲಿ ಅದು ಪೂರ್ತಿ ಇಲ್ಲದಿರುವ ಸಂಭವ ತೀರ ಕಡಿಮೆ.

ಈಗ ನಿಮ್ಮ ಹೊಟ್ಟೆಯ ಮಗುವಿನ ವಿಷಯ. ಹೆದರಿಕೆ ಬೇಡ, ಆದರೆ ಇವತ್ತಿನಿಂದ ಮಾತ್ರೆ ಬಿಡಿಸುವುದು ನಿಮ್ಮ ಕೆಲಸವಲ್ಲ. ಮಾತ್ರೆಯ ಮೇಲೆ ಲೇಪನವಿದೆ, ಒಡೆಯದ ಮಾತ್ರೆಯನ್ನು ಇಷ್ಟು ದಿನ ಮುಟ್ಟಿದ್ದರಿಂದ ಒಳಗೆ ಸೇರಿರಬಹುದಾದದ್ದು ತೀರ ಅಲ್ಪ. ಆದರೂ ಬೆಳೆಯುವ ಭ್ರೂಣಕ್ಕೆ ಹಾನಿ ಮಾಡಬಲ್ಲ ಔಷಧ ಇದು. ಈ ವಿಷಯವನ್ನು ನಿಮ್ಮ ಹೆರಿಗೆ ವೈದ್ಯರಿಗೂ ಒಂದು ಮಾತು ತಿಳಿಸಿಡಿ. ಮಾವನವರೇ ಸ್ಟ್ರಿಪ್‌ನಿಂದ ಸೀದಾ ತಮ್ಮ ಕೈಗೆ ಬೀಳಿಸಿಕೊಂಡು ನುಂಗಿ ಕೈ ತೊಳೆದುಕೊಳ್ಳಲಿ. ಬೆರಳು ನೋವಿದ್ದರೆ ನಿಮ್ಮ ಯಜಮಾನರೋ ಅತ್ತೆಯವರೋ ಗ್ಲೌಸ್ ಹಾಕಿಕೊಂಡು ಬಿಡಿಸಿ ಕೊಡಲಿ. ದೊಡ್ಡದೆಂದು ಮುರಿಯುವುದು, ಪುಡಿ ಮಾಡಿ ಜೇನಿನಲ್ಲಿ ಕಲಸುವುದು ಯಾರೂ ಮಾಡಬಾರದು. ಮಾತ್ರೆ ನುಂಗುವ ದಿನಗಳಲ್ಲಿ ಮತ್ತು ಕೊನೆಯ ಮಾತ್ರೆಯ ನಂತರ ಎರಡು ದಿನ ಅವರ ಕಕ್ಕಸಿಗೆ ಹೆಚ್ಚು ನೀರು ಹಾಕಿ, ಫ್ಲಶ್ ಇದ್ದರೆ ಮುಚ್ಚಳ ಹಾಕಿ ಎರಡು ಸಲ ಮಾಡಲಿ. ವಾಂತಿ, ಭೇದಿ ತಾಗಿದ ಬಟ್ಟೆಯನ್ನು ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆಯಬೇಕು, ನೀವಂತೂ ಮುಟ್ಟಬೇಡಿ. ಇಷ್ಟು ಬಿಟ್ಟರೆ ಅವರ ಪಕ್ಕ ಕೂರುವುದರಿಂದ, ಒಂದೇ ಮೇಜಿನಲ್ಲಿ ಉಣ್ಣುವುದರಿಂದ, ತೊಳೆದ ತಟ್ಟೆ ಬಳಸುವುದರಿಂದ ಏನೂ ಆಗುವುದಿಲ್ಲ. ಬೇರೆ ತಟ್ಟೆ, ಬೇರೆ ಮೂಲೆ ಎಂದೆಲ್ಲ ಮಾಡಿ ಮುದುಕರನ್ನು ನೋಯಿಸಬೇಡಿ.

ನಿಮ್ಮಲ್ಲಿ ಬಟ್ಟೆಗೂ ಬೂಷ್ಟು ಹಿಡಿಯುವ ತೇವವಿರುವುದರಿಂದ ಮಾತ್ರೆಯನ್ನು ಸ್ಟ್ರಿಪ್‌ನಲ್ಲೇ ಇಟ್ಟು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಬಚ್ಚಲು, ಒಲೆ ಎರಡರಿಂದಲೂ ದೂರ. ನಾಯಿಗೂ ಮಕ್ಕಳಿಗೂ ಎಟುಕಬಾರದು. ನಿಲ್ಲಿಸಿದಾಗ ಉಳಿದ ಮಾತ್ರೆ ತಿಪ್ಪೆಗೆ, ತೋಡಿಗೆ ಹೋಗದಿರಲಿ, ಆಸ್ಪತ್ರೆಗೆ ವಾಪಸ್ ಕೊಡಿ.

ಮದ್ದುಸೊಪ್ಪಿಗೆ ಮೊದಲು ಬೇರೆ ಔಷಧಗಳ ಮಾತು, ಅಪಾಯ ಅಲ್ಲೇ ಹೆಚ್ಚು. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಈ ಮಾತ್ರೆ ಸೇರಿದರೆ ರಕ್ತಸ್ರಾವ ಆಗಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಪ್ರಮಾಣ ರಕ್ತದಲ್ಲಿ ಏರುತ್ತದೆ. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯುರಿನಾಲ್ ಬೇಡ. ಯಾರಿಗೂ ಅನುಮಾನ ಬರದ್ದು ಫೋಲಿಕ್ ಆಸಿಡ್: ಸುಸ್ತಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಬಿ-ಕಾಂಪ್ಲೆಕ್ಸ್, ಟಾನಿಕ್‌ಗಳಲ್ಲಿ ಹೆಚ್ಚಾಗಿ ಅದಿರುತ್ತದೆ, ಅದು ಕ್ಯಾಪೆಸಿಟಾಬಿನ್‌ನ ಅಡ್ಡಪರಿಣಾಮವನ್ನು ಹೆಚ್ಚಿಸುತ್ತದೆ. ನಿಮಗೆ ಗರ್ಭಿಣಿಯೆಂದು ಕೊಟ್ಟಿರುವ ಫೋಲಿಕ್ ಆಸಿಡ್ ಮಾತ್ರೆ ನಿಮಗೆ ಬೇಕೇ ಬೇಕು, ಅದು ತಪ್ಪಿ ಅವರ ಡಬ್ಬಿಗೆ ಹೋಗಬಾರದಷ್ಟೇ. ಊಟದಲ್ಲಿ ಬರುವ ಸೊಪ್ಪು ತರಕಾರಿಗೆ ಈ ಹೆದರಿಕೆ ಬೇಕಿಲ್ಲ. ಅಮೃತಬಳ್ಳಿ ಕಷಾಯವನ್ನು ಮಾತ್ರ ದೂರವಿಡಿ, ಅದರಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ವರದಿಯಾದವು.

ಆಟಿ ಪಾಯಸ, ಕೊಡವರ ಮನೆಯಲ್ಲಾದರೆ ಕಕ್ಕಡ ಪದಿನೆಟ್ಟಿನ ಮದ್ದು ಪಾಯಸ, ವರ್ಷಕ್ಕೊಮ್ಮೆಯದು. ಹದಿನೆಂಟು ಬಗೆಯ ಮದ್ದು ಆ ದಿನ ಸೊಪ್ಪಿನಲ್ಲಿ ಸೇರಿರುತ್ತದೆ ಎಂದು ಹಿರಿಯರ ನಂಬಿಕೆ. ಅದನ್ನು ಗೇಲಿ ಮಾಡುವವನು ನಾನಲ್ಲ, ಆ ನೇರಳೆ ಬಣ್ಣದ ಪಾಯಸ ನನಗೂ ಇಷ್ಟವೇ. ಆದರೆ ಈ ವರ್ಷ ಮಾವನವರಿಗೆ ಬೇಡ ಎನ್ನುತ್ತೇನೆ. ಆಗಸ್ಟ್ 3 ಬರುವ ಹೊತ್ತಿಗೆ ಅವರು ನಾಲ್ಕನೇ ಸೈಕಲ್‌ನ ಮಾತ್ರೆಯ ನಡುವೆ ಇರುತ್ತಾರೆ. ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುವುದು ನಿಮಗೆ ಗೊತ್ತಿರುವುದೇ. ಪ್ಲೇಟ್‌ಲೆಟ್ ಇಳಿದು ನಿಜವಾಗಿ ರಕ್ತ ಹೋಗುತ್ತಿದ್ದರೆ 'ಮದ್ದಿನ ಬಣ್ಣ' ಎಂದು ಎಲ್ಲರೂ ಸುಮ್ಮನಿರುತ್ತಾರೆ. ಸೊಪ್ಪಿನ ಗಾಢ ರಸ, ಬೆಲ್ಲ, ತೆಂಗಿನಹಾಲು ಮೊನ್ನೆ ತಾನೇ ಕೆಟ್ಟ ಕರುಳಿಗೆ ಹಿತವೂ ಅಲ್ಲ. ಹಟ ಹಿಡಿದರೆ ವೈದ್ಯರ ಎದುರೇ ಕೇಳಿಸಿ. ನೀವೂ ತಿನ್ನುವ ಮೊದಲು ನಿಮ್ಮ ಹೆರಿಗೆ ವೈದ್ಯರನ್ನು ಕೇಳಿ.

ಬೆರಳಚ್ಚು ಬಾರದಿರುವುದೂ ಈ ಮಾತ್ರೆಯಿಂದಲೇ. ಬೆರಳ ತುದಿಯ ಚರ್ಮ ಸಿಪ್ಪೆಯೆದ್ದು ಗೆರೆಗಳು ಸವೆಯುತ್ತವೆ. 2008ರ ಡಿಸೆಂಬರಿನಲ್ಲಿ ಕ್ಯಾಪೆಸಿಟಾಬಿನ್ ನುಂಗುತ್ತಿದ್ದ ಸಿಂಗಾಪುರದ 62 ವರ್ಷದವರೊಬ್ಬರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ಸಿಗಲಿಲ್ಲವೆಂದು ನಾಲ್ಕು ಗಂಟೆ ಕೂರಿಸಿದ್ದರು. ಅವರ ವೈದ್ಯರು ಮರುವರ್ಷ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಮೇಲೆ ನಮಗೆಲ್ಲ ಈ ಪ್ರಶ್ನೆ ಕೇಳುವ ಅಭ್ಯಾಸವಾಯಿತು. ಮಾತ್ರೆ ನಿಂತ ಮೇಲೆ ಹೆಚ್ಚಿನವರಲ್ಲಿ ಗೆರೆಗಳು ಮರಳುತ್ತವೆ. ಸದ್ಯಕ್ಕೆ ರೇಷನ್‌ಗೆ ಕಾರ್ಡಿನಲ್ಲಿರುವ ಬೇರೆ ಸದಸ್ಯರು ಬೆರಳಚ್ಚು ಕೊಡಬಹುದು. ಮಾವನವರ ಪಿಂಚಣಿಗೆ ಜೀವನ ಪ್ರಮಾಣಪತ್ರ ಕೊಡುವ ತಿಂಗಳು ಸಾಮಾನ್ಯವಾಗಿ ನವೆಂಬರ್. ಅದಕ್ಕೆ ಬೆರಳಿನ ಬದಲು ಮೊಬೈಲಿನಲ್ಲಿ ಮುಖ ತೋರಿಸಿ ಕೊಡುವ ವ್ಯವಸ್ಥೆ 2021ರಿಂದ ಇದೆ. ಬ್ಯಾಂಕಿಗೆ ಬೇಕಾದರೆ ಈ ಔಷಧದಿಂದ ಬೆರಳಚ್ಚು ಸವೆದಿದೆ ಎಂದು ಮುಂದಿನ ವಾರವೇ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ.